ಹಾಲಿನ ಕ್ಯಾನು ಯಾರ ಪಾಲಾಯಿತು

ದೋಹಾ, ಮೊದಲ ವಾರ

೧೯೯೫ನೇ ಇಸವಿ ನವೆಂಬರ್ ೯, ಗುರುವಾರ, ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ದೋಹಾದ ವಿಮಾನ ನಿಲ್ದಾಣದಲ್ಲಿ ನನ್ನ ಈ ಪ್ರವಾಸ ಶುರುವಾಯಿತು. ಅಲ್ಲಿಯ ಗೋಡೆ ಗಡಿಯಾರದಲ್ಲಿ ಆಗ ಎಂಟು ನಲವತ್ತು. ನಾನು ನನ್ನ ಕೈಗಡಿಯಾರವನ್ನು ತಿರುಗಿಸಲಿಲ್ಲ. ದಿನಚರಿಯಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಗಡಿಯಾರದ ಸಮಯ ಇರಬೇಕೆಂಬುದು ನನ್ನ ಕ್ರಮ. ಇದರಿಂದಾಗಿ ಆ ವಾರ ಮೂರು ಸಲ ಊಟಕ್ಕೆ ಎರಡೂವರೆ ಗಂಟೆ ಮುಂಚೆ ಹೋಗಿ ಕುಳಿತೆ. ಎಂಟನೇ ದಿನ ನಾನು ಸ್ನಾನಕ್ಕೆ ಹೋಗಿದ್ದಾಗ ಅಕ್ಕ ಗಡಿಯಾರದ ಮುಳ್ಳು ತಿರುಗಿಸಿ ಇಟ್ಟಳು. ಅಲ್ಲಿಂದ ಮುಂದಿನ ಸಮಯವೆಲ್ಲ ಕತಾರಿನದು.

ಅಕ್ಕ ಇಲ್ಲಿಯ ಭಾರತೀಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ಸದಾನಂದ ಭಾವ ಒಂದು ಗ್ಯಾಸ್ ಕಂಪನಿಯಲ್ಲಿ ಸೆಕ್ರೆಟರಿ. ಮನೆ ಮದೀನತ್ ಖಲೀಫಾದಲ್ಲಿ. ಮನೆ ಎಂದರೆ ಒಂದು ವಿಲ್ಲಾದ ಐದನೇ ಒಂದು ಪಾಲು. ಮಾಲಿಕರು ಪ್ಲೈವುಡ್ ಗೋಡೆ ಎಬ್ಬಿಸಿ ಅದನ್ನು ಐದು ಸಂಸಾರಗಳಿಗೆ ಹಂಚಿದ್ದರು. ನಮ್ಮ ಪಾಲಿಗೆ ಮೆಟ್ಟಿಲು ಬಂದಿತ್ತು, ಮಹಡಿ ಬಂದಿರಲಿಲ್ಲ. ಮೆಟ್ಟಿಲು ಹತ್ತಿ ಹೋದರೆ ಗೋಡೆ. ಅಕ್ಕ ಕೆಳಗಿನ ಮೆಟ್ಟಿಲುಗಳಲ್ಲಿ ಕುಚ್ಚಲಕ್ಕಿ, ನಡುವೆ ತೆಂಗಿನಕಾಯಿ, ಮೇಲಿನದರಲ್ಲಿ ಉಪ್ಪಿನಕಾಯಿ ಭರಣಿ ಇಟ್ಟಿದ್ದಳು. ಬೇರೆ ಪಾಲಿನವರು ಬಂದಾಗಲೆಲ್ಲ ಆ ಮೆಟ್ಟಿಲನ್ನು ಆಸೆಯಿಂದ ನೋಡುತ್ತಿದ್ದರು.

ಮೊದಲ ವಾರದಲ್ಲಿ ಕೊರ್ನಿಶ್ ಎನ್ನುವ ಸಮುದ್ರದ ದಂಡೆಯ ರಸ್ತೆಗೆ ನಾಲ್ಕು ಸಲ ಹೋದೆವು. ಕಾಪುವಿನ ನಮ್ಮ ಸಮುದ್ರಕ್ಕೆ ಹೋಲಿಸಿದರೆ ಈ ಸಮುದ್ರ ಏನೂ ಮಾಡುವುದಿಲ್ಲ. ಅಲೆ ಎಂದು ಲೆಕ್ಕಕ್ಕೆ ಹಿಡಿಯುವಂಥದ್ದು ನಾಲ್ಕು ಸಲದಲ್ಲಿ ಒಂದೂ ಸಿಗಲಿಲ್ಲ. ಐದನೇ ಸಲ ಹೊರಡುವ ಮಾತು ಬಂದಾಗ ಭಾವ ನನ್ನ ಮುಖ ನೋಡಿದರು.

"ನಿನಗೆ ಟೈಪಿಂಗ್ ಸೀನಿಯರ್ ಆಗಿದೆ ಅಲ್ಲವಾ ಮಾರಾಯ್ತಿ? ನಮ್ಮ ಮಿಸ್ಟರ್ ವಾಲ್ಟರ್‌ಗೆ ಒಂದು ಕೆಲಸ ಆಗಬೇಕಿತ್ತು. ಆಫೀಸಿಂದಲ್ಲ. ಅವರ ಯೂನಿವರ್ಸಿಟಿಯ ಫುಟ್‌ಬಾಲಿನ ಚರಿತ್ರೆ ಬರೆಯುತ್ತಾ ಇದ್ದಾರೆ. ಅವರು ಎರಡು ಬೆರಳಲ್ಲಿ ಕುಟ್ಟುವುದು. ಹಾಗೆ ಕುಟ್ಟಿದರೆ ಅವರು ರಿಟೈರ್ ಆಗುವಾಗಲೂ ಮುಗಿಯಲಿಕ್ಕಿಲ್ಲ."

"ಊರು ನೋಡಲಿಕ್ಕೆ ಬಂದವಳನ್ನು ಟೈಪಿಂಗಿಗೆ ಕೂರಿಸುವುದಾ?" ಎಂದಳು ಅಕ್ಕ.

"ಊರು ನೋಡಿ ಆಯ್ತಲ್ಲ. ಇನ್ನು ಬೇಕಾದರೆ ಅದೇ ಕೊರ್ನಿಶನ್ನು ಆ ಕಡೆಯಿಂದ ಈ ಕಡೆಗೆ ನೋಡಬಹುದು."

ಹೀಗೆ ನಾನು ಅರಬ್ಬರ ದೇಶಕ್ಕೆ ಹೋಗಿ ಅಮೆರಿಕದ ಆಟವೊಂದರ ಚರಿತ್ರೆ ಕಲಿತೆ.

ಖರ್ಜೂರದ ತಟ್ಟೆ

ಮಿಸ್ಟರ್ ವಾಲ್ಟರ್ ಭಾವನ ಮೇಲಧಿಕಾರಿ, ಕಂಪನಿಯ ಎಲೆಕ್ಟ್ರಿಕಲ್ ವಿಭಾಗದ ಮುಖ್ಯಸ್ಥರು. ಅಮೆರಿಕದವರು, ವಯಸ್ಸು ಅರವತ್ತರ ಹತ್ತಿರ. ಅವರ ವಿಲ್ಲಾ ನಮ್ಮಿಂದ ಮೂರು ಬೀದಿ ಆಚೆ. ಅದು ಪಾಲಾಗಿರಲಿಲ್ಲ, ಮೆಟ್ಟಿಲ ಮೇಲೆ ಮಹಡಿಯೂ ಇತ್ತು. ನಾನು ವಾಡಿಕೆಯಂತೆ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋದೆ. ಅವರ ಹೆಂಡತಿ ಡೋರತಿ ಮೇಡಂ ಅದನ್ನು ಎತ್ತಿ ತಂದು ನನ್ನ ಕಾಲ ಬಳಿ ಇಟ್ಟರು. ಮರೆತು ಬಂದಿದ್ದೇನೆ ಎಂದುಕೊಂಡಿರಬೇಕು. ಮರುದಿನವೂ ಬಿಟ್ಟೆ, ಮರುದಿನವೂ ತಂದರು. ಐದು ದಿನ ಹೀಗೆ ನಡೆಯಿತು. ಆರನೇ ದಿನ ಬಾಗಿಲ ಹೊರಗೆ ಒಂದು ಚಿಕ್ಕ ಚಾಪೆ ಹಾಕಿದ್ದರು.

ಆಟ ಗೊತ್ತಿಲ್ಲದೆ ಚರಿತ್ರೆ ಟೈಪ್ ಮಾಡಿದರೆ ತಪ್ಪಾಗುತ್ತದೆ ಎಂದು ಮಿಸ್ಟರ್ ವಾಲ್ಟರ್ ಮೊದಲು ಆಟ ಹೇಳಿಕೊಟ್ಟರು. ದೊಡ್ಡ ತಟ್ಟೆಯಲ್ಲಿ ಒಂದು ಕಡೆ ಹನ್ನೊಂದು ಖರ್ಜೂರ, ಎದುರಿಗೆ ಹನ್ನೊಂದು ಗೋಡಂಬಿ ಜೋಡಿಸಿದರು. ಚೆಂಡು ಮೊಟ್ಟೆಯ ಆಕಾರದ್ದು, ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವುದು. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಹೋಗದಿದ್ದರೆ ಚೆಂಡು ಎದುರಿನವರಿಗೆ. ಮೈದಾನದ ಕೊನೆಯಲ್ಲಿ ಎರಡು ಕಂಬಗಳಿರುತ್ತವೆ. ಅವುಗಳ ನಡುವೆ ಒದ್ದರೆ ಮೂರು ಅಂಕ.

ಇಷ್ಟು ಹೇಳುವಾಗ ತಟ್ಟೆ ತಮ್ಮ ಕಡೆ ಇದ್ದುದರಿಂದ, ನನ್ನ ಜೊತೆ ಬಂದಿದ್ದ ಭಾವ ಮರ್ಯಾದೆಗೆಂದು ನಡುವಿನ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡರು.

"ಅದು ಸೆಂಟರ್. ಆ ಜಾಗದಲ್ಲಿ ನಾನಿದ್ದೆ," ಎಂದರು ಮಿಸ್ಟರ್ ವಾಲ್ಟರ್.

ಭಾವ ಬೀಜವನ್ನು ಏನು ಮಾಡಬೇಕೆಂದು ತಿಳಿಯದೆ ಆಟದ ವಿವರಣೆ ಮುಗಿಯುವವರೆಗೂ ಬಾಯಲ್ಲೇ ಇಟ್ಟುಕೊಂಡಿದ್ದರು.

ಸೆಂಟರ್ ಎಂದರೆ ಪ್ರತಿ ಸಲ ಆಟ ಶುರುಮಾಡುವವನು. ಬಗ್ಗಿ ನಿಂತು ಚೆಂಡನ್ನು ಎರಡು ಕಾಲುಗಳ ನಡುವಿನಿಂದ ಹಿಂದಕ್ಕೆ ಕೊಡುತ್ತಾನೆ. ಕೊಟ್ಟ ಕ್ಷಣದಲ್ಲೇ ಎದುರಿನವನು ಅವನ ಮೇಲೆ ಬೀಳುತ್ತಾನೆ. ಚೆಂಡು ಹಿಂದೆ ಏನಾಯಿತೆಂದು ಅವನಿಗೆ ಕಾಣುವುದಿಲ್ಲ, ಜನರ ಕೂಗಿನಿಂದ ತಿಳಿದುಕೊಳ್ಳಬೇಕು. ಮಿಸ್ಟರ್ ವಾಲ್ಟರ್ ಆ ಸ್ಥಾನಕ್ಕೆ ಎರಡನೆಯವರು. ಮೊದಲನೆಯವನಿಗೆ ಪೆಟ್ಟಾದರೆ ಮಾತ್ರ ಇವರ ಸರದಿ. ಮೊದಲನೆಯವನು ಬಹಳ ಗಟ್ಟಿ ಆಳು.

ಚರಿತ್ರೆಯನ್ನು ಅವರು ಹಳದಿ ಕಾಗದದಲ್ಲಿ ಪೆನ್ಸಿಲಿನಿಂದ ಬರೆದಿದ್ದರು. ವಿಶ್ವವಿದ್ಯಾಲಯ ಸಣ್ಣದು, ಜೋಳ ಬೆಳೆಯುವ ಸೀಮೆಯದು. ಗ್ರೀಕ್ ಭಾಷೆ ಕಲಿಸುತ್ತಿದ್ದ ಮೇಷ್ಟ್ರೊಬ್ಬರು ರಜೆಯಿಂದ ಬರುವಾಗ ಚೆಂಡು ತಂದದ್ದರಿಂದ ಅಲ್ಲಿ ಆಟ ಹುಟ್ಟಿತು. ನಿಯಮದ ಪುಸ್ತಕ ತರಲು ಅವರು ಮರೆತಿದ್ದರು. ಹಾಗಾಗಿ ಮೊದಲ ವರ್ಷದ ಆಟ ಎಂಥದ್ದೆಂದು ಯಾರೂ ಖಚಿತವಾಗಿ ಹೇಳಲಾರರು. ಆಗ ತಲೆಗೆ ಟೊಪ್ಪಿಯಿಲ್ಲ, ಕೂದಲು ಉದ್ದ ಬಿಡುತ್ತಿದ್ದರು. ಆಮೇಲೆ ಚರ್ಮದ ಟೊಪ್ಪಿ ಬಂತು. ಒಂದು ವರ್ಷ ಮರದ ಗ್ಯಾಲರಿ ಸುಟ್ಟುಹೋಗಿ ಪ್ರೇಕ್ಷಕರು ಹುಲ್ಲಿನ ಗಾಡಿಗಳ ಮೇಲೆ ನಿಂತು ನೋಡಿದರು. ಯುದ್ಧದ ಕಾಲದಲ್ಲಿ ಹುಡುಗರೆಲ್ಲ ಸೈನ್ಯಕ್ಕೆ ಹೋಗಿ ತಂಡವೇ ಇರಲಿಲ್ಲ, ಮೈದಾನದಲ್ಲಿ ಆಲೂಗಡ್ಡೆ ಬೆಳೆದರು. ಮುಂದೆ ರಸಾಯನಶಾಸ್ತ್ರದ ಮೇಷ್ಟ್ರೇ ಕೋಚ್ ಆದರು. ಅವರು ಸೋತ ಮರುದಿನ ಪ್ರಯೋಗಶಾಲೆಯಲ್ಲಿ ಪರೀಕ್ಷೆ ಇಡುತ್ತಿದ್ದರಂತೆ. ಮಿಸ್ಟರ್ ವಾಲ್ಟರ್ ರಸಾಯನಶಾಸ್ತ್ರದಲ್ಲಿ ಬಹಳ ಪರೀಕ್ಷೆಗಳನ್ನು ಬರೆದಿದ್ದರು.

ನಾನು ಟೈಪ್ ಮಾಡುತ್ತಲೇ ಗೆದ್ದದ್ದು, ಸೋತದ್ದು, ಸಮ ಎಂದು ಮೂರು ಮನೆ ಎಳೆದು ಲೆಕ್ಕವಿಟ್ಟೆ. ನನ್ನ ಒಟ್ಟು ಮೊತ್ತಕ್ಕೂ ಅವರದಕ್ಕೂ ಒಂದು ಆಟ ವ್ಯತ್ಯಾಸ ಬಂತು. ನನ್ನದೇ ಸರಿ ಎಂದು ಒಪ್ಪಿಕೊಳ್ಳಲು ಅವರು ಒಂದು ಸಂಜೆ ಪೂರ್ತಿ ತೆಗೆದುಕೊಂಡರು. ಆ ಮೇಲೆ ನನ್ನನ್ನು ಮಿಸ್ ಎನ್ನುವುದನ್ನು ಬಿಟ್ಟು ಹೆಸರು ಹಿಡಿದು ಜಯಂತಿ ಎಂದು ಕರೆಯತೊಡಗಿದರು.

ಚರಿತ್ರೆಯ ಬಹುಪಾಲು ಪಕ್ಕದ ಊರಿನ ಕಾಲೇಜಿನ ಜೊತೆಗಿನ ಹಗೆತನದ್ದು. ಎರಡೂ ಕಡೆಯವರು ವರ್ಷಕ್ಕೊಮ್ಮೆ ಆಡುತ್ತಾರೆ. ಗೆದ್ದವರಿಗೆ ಒಂದು ಹಳೆಯ ತಗಡಿನ ಹಾಲಿನ ಕ್ಯಾನು. ಅದನ್ನು ಒಂದು ವರ್ಷ ಇಟ್ಟುಕೊಳ್ಳಬಹುದು. ನಮ್ಮ ಕಡೆ ಸೊಸೈಟಿಗೆ ಹಾಲು ಹಾಕುವ ಕ್ಯಾನಿನ ಹಾಗೆಯೇ ಇದೆ, ಫೋಟೋ ನೋಡಿದೆ. ಮುಚ್ಚಳ ಕಾಣೆಯಾಗಿದೆ.

ಕೊನೆಯ ಅಧ್ಯಾಯದ ಹಾಳೆಗಳನ್ನು ಕೊಡುವಾಗ ಮಿಸ್ಟರ್ ವಾಲ್ಟರ್ ವಿಷಯ ಹೇಳಿದರು. ಖರ್ಚು ಹೆಚ್ಚೆಂದು ವಿಶ್ವವಿದ್ಯಾಲಯ ಈ ವರ್ಷಕ್ಕೆ ಫುಟ್‌ಬಾಲನ್ನೇ ನಿಲ್ಲಿಸುತ್ತಿದೆ. ನವೆಂಬರಿನ ಕ್ಯಾನಿನ ಆಟವೇ ಕೊನೆಯದು. ಅದರಲ್ಲಿ ಗೆದ್ದವರಿಗೆ ಕ್ಯಾನು ಶಾಶ್ವತ. ಅರ್ಧ ವಿರಾಮದಲ್ಲಿ ಹಳೆಯ ಆಟಗಾರರನ್ನೆಲ್ಲ ಹೆಸರು ಕೂಗಿ ಮೈದಾನಕ್ಕೆ ಕರೆಯುತ್ತಾರೆ. ಮಿಸ್ಟರ್ ವಾಲ್ಟರ್ ರಜೆ ಕೇಳಿದ್ದರು. ಹೊಸ ಯಂತ್ರ ಶುರುವಾಗುವ ತಿಂಗಳು, ರಜೆ ಸಿಗಲಿಲ್ಲ. ಅವರಿಗೆ ಉಳಿದದ್ದು ಕ್ಯಾಸೆಟ್ಟು ಮಾತ್ರ.

ಕ್ಯಾಸೆಟ್ಟು

ಅದಕ್ಕೂ ಒಂದು ಕ್ರಮವಿತ್ತು. ಪ್ರತಿ ವರ್ಷ ಮಿಸ್ಟರ್ ವಾಲ್ಟರ್ ಅವರ ಹಳೆಯ ಜೊತೆಗಾರನೊಬ್ಬ ಅಮೆರಿಕದಲ್ಲಿ ಟಿವಿಯಿಂದ ಆಟವನ್ನು ಕ್ಯಾಸೆಟ್ಟಿಗೆ ತುಂಬಿಸಿ ಅಂಚೆಯಲ್ಲಿ ಕಳಿಸುತ್ತಾನೆ. ಬಂದು ಸೇರಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ಫಲಿತಾಂಶವನ್ನು ಯಾರೂ ಕೇಳಕೂಡದು, ಗೊತ್ತಿದ್ದವರು ಹೇಳಕೂಡದು. ಮನೆಗೆ ಫೋನ್ ಮಾಡಿದಾಗ ಮಗಳು ಫುಟ್‌ಬಾಲಿನ ಮಾತೆತ್ತಿದರೆ ಮಿಸ್ಟರ್ ವಾಲ್ಟರ್ ರಿಸೀವರನ್ನು ಡೋರತಿ ಮೇಡಂ ಕೈಗೆ ಕೊಟ್ಟು ತೋಟಕ್ಕೆ ಹೋಗುತ್ತಾರೆ. ಎದುರು ಕಾಲೇಜಿನಲ್ಲಿ ಓದಿದ ಮಿಸ್ಟರ್ ಗ್ಲೆನ್ ಎಂಬವರೂ ದೋಹಾದಲ್ಲೇ ಇದ್ದರು. ಅವರೂ ಈ ವ್ರತಕ್ಕೆ ಬದ್ಧರು.

ಹೊರಗಿನಿಂದ ಬಂದ ವಿಡಿಯೊ ಕ್ಯಾಸೆಟ್ಟನ್ನು ಇಲ್ಲಿ ಒಂದು ಕಚೇರಿಯಲ್ಲಿ ನೋಡಿ ಆಮೇಲೆ ಕೊಡುತ್ತಾರೆ. ಅದನ್ನು ಬಿಡಿಸಿಕೊಂಡು ಬರುವುದು ಭಾವನ ಕೆಲಸ. ಡಿಸೆಂಬರ್ ಎರಡನೇ ವಾರದಲ್ಲಿ ನಾನೂ ಜೊತೆಗೆ ಹೋದೆ. ಬಿಳಿ ಉಡುಪಿನ ಯುವಕನೊಬ್ಬ ಕ್ಯಾಸೆಟ್ಟನ್ನು ಮೇಜಿನ ಮೇಲಿಟ್ಟು, "ಮಾಫಿ ಮುಶ್ಕಿಲ್," ಎಂದ. ತೊಂದರೆಯಿಲ್ಲ ಎಂದರ್ಥ. ಆ ಮೇಲೆ ಅವನು ಏನೋ ಕೇಳಿದ, ಭಾವ ಎರಡೂ ಕಿವಿ ಮುಚ್ಚಿಕೊಂಡರು. ಅವನು ಫಲಿತಾಂಶ ಹೇಳಿಬಿಟ್ಟಾನೆಂಬ ಹೆದರಿಕೆ. ಅವನು ಕೇಳಿದ್ದು, ಆಟದಲ್ಲಿ ಇಷ್ಟು ಹೊತ್ತು ಇವರು ಸುಮ್ಮನೆ ನಿಂತಿರುವುದೇಕೆ, ಮಳೆಗೆ ಕಾಯುತ್ತಿದ್ದಾರೆಯೇ ಎಂದು. ಅವನು ಆ ನಿಂತಿದ್ದನ್ನೆಲ್ಲ ಓಡಿಸಿ, ಮೈದಾನದ ಅಂಚಿನಲ್ಲಿ ಹುಡುಗಿಯರು ಕುಣಿಯುವ ಭಾಗಗಳನ್ನು ಮಾತ್ರ ಪರೀಕ್ಷಿಸಿದ್ದನಂತೆ. ಒಳ್ಳೆಯದಾಯಿತು ಎಂದರು ಭಾವ.

ಅದೇ ಸಂಜೆ ಮಿಸ್ಟರ್ ವಾಲ್ಟರ್ ತಮ್ಮ ಅಮೆರಿಕದ ವಿಸಿಆರ್ ಸರಿಯಿದೆಯೇ ಎಂದು ನೋಡಲು ಹೋದರು. ಅದು ನೂರಹತ್ತು ವೋಲ್ಟಿನದು. ಇಲ್ಲಿಯ ಕರೆಂಟು ಇನ್ನೂರನಲವತ್ತು. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇಡಬೇಕು. ಕತಾರಿನ ಒಂದು ಗ್ಯಾಸ್ ಘಟಕದ ಸಮಸ್ತ ವಿದ್ಯುತ್ತಿನ ಜವಾಬ್ದಾರಿ ಹೊತ್ತಿದ್ದ ಮಿಸ್ಟರ್ ವಾಲ್ಟರ್ ವಿಸಿಆರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚಿದರು. ಸದ್ದೇನೂ ಆಗಲಿಲ್ಲ. ಸಣ್ಣ ಹೊಗೆ ಬಂತು. ಡೋರತಿ ಮೇಡಂ ಕಿಟಕಿ ತೆರೆದರು.

ಪುಣ್ಯಕ್ಕೆ ಕ್ಯಾಸೆಟ್ಟು ಇನ್ನೂ ಹೊರಗೇ ಇತ್ತು. ಆದರೆ ಅಮೆರಿಕದ ಕ್ಯಾಸೆಟ್ಟು ಇಲ್ಲಿಯ ಮನೆಗಳ ಯಂತ್ರದಲ್ಲಿ ನಡೆಯುವುದಿಲ್ಲ. ಹಾಕಿದರೆ ಬರೀ ಪಟ್ಟೆ ಪಟ್ಟೆ. ಇಲ್ಲಿಯ ಪದ್ಧತಿಗೆ ಬದಲಾಯಿಸಿ ಇನ್ನೊಂದು ಕ್ಯಾಸೆಟ್ಟಿಗೆ ಇಳಿಸಬೇಕು.

"ನನಗೆ ಬಿಡಿ, ಸರ್. ನಮ್ಮ ಜನ ಒಬ್ಬರಿದ್ದಾರೆ," ಎಂದರು ಭಾವ.

ನಜ್ಮಾದ ಅಂಗಡಿ

ನಮ್ಮ ಜನ ಎಂದರೆ ಅಬ್ಬಾಸ್ ಕಾಕ. ಬಂಟ್ವಾಳದವರು, ದೋಹಾದ ನಜ್ಮಾ ಬಡಾವಣೆಯಲ್ಲಿ ವಿಡಿಯೊ ಅಂಗಡಿ. ಊರಿನಲ್ಲಿರುವಾಗ ಮದುವೆಯ ವಿಡಿಯೊ ತೆಗೆಯುತ್ತಿದ್ದರು. ದೋಹಾದಲ್ಲಿರುವ ನಮ್ಮ ಕರಾವಳಿಯವರು ಊರಿಗೆ ಹೋಗಲಾಗದೆ ತಪ್ಪಿಸಿಕೊಂಡ ಮದುವೆಗಳೆಲ್ಲ ಕ್ಯಾಸೆಟ್ಟಿನಲ್ಲಿ ಬಂದಾಗ ಅವುಗಳನ್ನು ನೋಡುವಂತೆ ಮಾಡಿಕೊಡುವವರು ಇವರೇ. ಹಿಂದೂಗಳದ್ದು, ಬ್ಯಾರಿಗಳದ್ದು, ಕ್ರಿಶ್ಚಿಯನ್ನರದ್ದು ಎಲ್ಲವೂ ಇವರ ಕಪಾಟಿನಲ್ಲಿ ಒಟ್ಟಿಗೇ ಇರುತ್ತವೆ. ಅಕ್ಕನ ಮದುವೆಯ ಕ್ಯಾಸೆಟ್ಟೂ ಇಲ್ಲೇ ಮೂರು ಗಂಟೆಯಿಂದ ಐವತ್ತು ನಿಮಿಷಕ್ಕೆ ಇಳಿದದ್ದು. ಅದನ್ನು ನೋಡಿದ ಮೇಲೆ, ಮದುವೆ ನಡೆದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ ಎಂದು ಅಮ್ಮ ಹೇಳಿದ್ದರು.

"ಬಾಸಿಂದು ಕಾಕ, ಸ್ವಲ್ಪ ಚೆನ್ನಾಗಿ ಮಾಡಿ ಕೊಡಿ," ಎಂದರು ಭಾವ.

"ಬಾಸಿಂದು ಅಂತ ಹೇಳಬೇಕಾ ನೀವು? ಇದು ಎಂತದು, ಕಬಡ್ಡಿಯಾ?"

"ಅವರ ಫುಟ್‌ಬಾಲು. ಇವರದ್ದು ಕೊನೆಯ ಆಟವಂತೆ. ಹಳಬರನ್ನೆಲ್ಲ ಕರೆದು ಮರ್ಯಾದೆ ಮಾಡುವುದೂ ಉಂಟಂತೆ ಇದರಲ್ಲಿ."

"ಹಿರಿಯರ ಮರ್ಯಾದೆ ಉಂಟಾ? ಹಾಗಾದರೆ ನಾನೇ ಕೂತು ಮಾಡುತ್ತೇನೆ, ಹುಡುಗರ ಕೈಗೆ ಕೊಡುವುದಿಲ್ಲ." ಕಾಕ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು ನೋಡಿದರು. "ಒಳ್ಳೆಯ ಟೇಪು ಮಾರಾಯ್ರೆ. ಇಂಥ ಟೇಪು ಇಲ್ಲಿ ಸಿಗುವುದಿಲ್ಲ. ಶುಕ್ರವಾರಕ್ಕೆ ಬೇಕಲ್ಲ? ಖಲಾಸ್. ಆಯ್ತು ಅಂತಲೇ ಇಟ್ಟುಕೊಳ್ಳಿ."

"ನೀವೂ ಬನ್ನಿ ಕಾಕ. ಮಿಸ್ಟರ್ ವಾಲ್ಟರ್ ಹೇಳಿದ್ದಾರೆ, ಮಾಡಿಕೊಟ್ಟವರನ್ನೂ ಕರೆದುಕೊಂಡು ಬಾ ಅಂತ."

ಡಿಸೆಂಬರ್ ೧೫, ಶುಕ್ರವಾರ

ಸಂಜೆ ಆರು ಗಂಟೆಗೆ ಎಲ್ಲರೂ ಮಿಸ್ಟರ್ ವಾಲ್ಟರ್ ಅವರ ಹಾಲ್‌ನಲ್ಲಿ ಸೇರಿದೆವು. ಅವರ ಸೀಮೆಯ ನಾಲ್ವರು ಅಮೆರಿಕನ್ನರು, ಅವರ ಹೆಂಡತಿಯರು, ಎದುರು ಕಾಲೇಜಿನ ಮಿಸ್ಟರ್ ಗ್ಲೆನ್, ನಮ್ಮ ಕಡೆಯಿಂದ ಅಕ್ಕ, ಭಾವ, ನಾನು, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಅಬ್ಬಾಸ್ ಕಾಕ. ಅಕ್ಕ ಗೋಳಿಬಜೆ ಮಾಡಿ ತಂದಿದ್ದಳು. ಮಿಸ್ಟರ್ ಗ್ಲೆನ್ ಅದನ್ನು ಕೆಚಪ್ಪಿನ ಜೊತೆ ಹನ್ನೊಂದು ತಿಂದರು. ಮಿಸ್ಟರ್ ವಾಲ್ಟರ್ ಏನೂ ತಿನ್ನಲಿಲ್ಲ. ಅವರು ಬೆನ್ನಿನ ಮೇಲೆ ಐವತ್ತನಾಲ್ಕು ಎಂಬ ತಮ್ಮ ಆಟದ ನಂಬರಿರುವ, ಹಳೆಯ ಬನಿಯನಿನಂಥ ಒಂದು ಕೆಂಪು ಅಂಗಿ ಹಾಕಿದ್ದರು. ಅದು ಹೊಟ್ಟೆಯ ಹತ್ತಿರ ನಿಂತುಬಿಟ್ಟಿತ್ತು.

ಭಾವ ನಮ್ಮ ಮನೆಯ ಟಿವಿಯನ್ನೂ ವಿಸಿಆರನ್ನೂ ತಂದು ಜೋಡಿಸಿದ್ದರು. ದೀಪ ಆರಿಸಿದರು. ಪರದೆಯ ಮೇಲೆ ಮೊದಲು ಎರಡು ಗುಲಾಬಿಗಳು ಎರಡು ಕಡೆಯಿಂದ ತೇಲಿ ಬಂದು ಒಂದಕ್ಕೊಂದು ಅಂಟಿಕೊಂಡವು. ಅವುಗಳ ನಡುವೆ ಹೃದಯದ ಆಕಾರ ತೆರೆದುಕೊಂಡು ಅದರೊಳಗೆ ಮೈದಾನ ಕಾಣಿಸಿತು. ಕೊಳಲಿನ ಸಂಗೀತ ಶುರುವಾಯಿತು.

"ಇದು ಟಿವಿ ಕಂಪನಿಯವರು ಹಾಕಿದ್ದೇ?" ಎಂದು ಯಾರೋ ಕೇಳಿದರು.

ಆಟ ಶುರುವಾಯಿತು. ಸೆಂಟರ್ ಚೆಂಡು ಕೊಟ್ಟ, ಒಬ್ಬ ಓಡಿದ, ಬಿದ್ದ. ಬಿದ್ದವನು ಏಳುವ ಮೊದಲೇ ಇನ್ನೊಬ್ಬ ಓಡುತ್ತಿದ್ದ. ಅವನು ಬೀಳುವಾಗ ಚೆಂಡು ಎದುರಿನವರ ಕೈಯಲ್ಲಿತ್ತು. ನಡುವೆ ಗುಂಪುಗೂಡಿ ಮಾತಾಡುವುದು, ಸಾಲು ಹಿಡಿದು ನಿಲ್ಲುವುದು, ಶಿಳ್ಳೆ ಊದಿ ಕಾಯುವುದು ಯಾವುದೂ ಇರಲಿಲ್ಲ. ವೀಕ್ಷಕ ವಿವರಣೆಯೂ ಇರಲಿಲ್ಲ, ಕೊಳಲು ಮಾತ್ರ ಇತ್ತು. ಆಟದ ಮೊದಲರ್ಧ ಒಂಬತ್ತು ನಿಮಿಷದಲ್ಲಿ ಮುಗಿಯಿತು.

"ಕಂಬಳದ ಹಾಗೆ ಮಾರಾಯ್ತಿ, ಕೋಣ ಇಳಿಸುವುದನ್ನೆಲ್ಲ ತೆಗೆದುಬಿಟ್ಟರೆ," ಎಂದು ಭಾವ ಪಿಸುಗುಟ್ಟಿದರು. "ಈಗ ನೋಡಲಿಕ್ಕೆ ಆಗುತ್ತದೆ." ಆ ಮೇಲೆ ಮಿಸ್ಟರ್ ವಾಲ್ಟರ್ ಅವರ ಕಡೆ ನೋಡಿ ಒಂದು ಗೋಳಿಬಜೆ ಬಾಯಿಗೆ ಹಾಕಿಕೊಂಡರು.

ಅರ್ಧ ವಿರಾಮ ಬಂತು. ಇಲ್ಲಿ ಅಬ್ಬಾಸ್ ಕಾಕ ಒಂದನ್ನೂ ಕತ್ತರಿಸಿರಲಿಲ್ಲ. ಹಳೆಯ ಆಟಗಾರರು ಒಬ್ಬೊಬ್ಬರಾಗಿ ಮೈದಾನಕ್ಕೆ ಬಂದರು, ನಿಧಾನಗತಿಯಲ್ಲಿ. ಪ್ರತಿಯೊಬ್ಬರ ಮುಖವೂ ಹೂವಿನ ಬಳ್ಳಿಯ ದುಂಡನೆಯ ಚೌಕಟ್ಟಿನಲ್ಲಿ ನಿಂತು ಮುಂದೆ ಹೋಗುತ್ತಿತ್ತು. ರಸಾಯನಶಾಸ್ತ್ರದ ಕೋಚ್ ಗಾಲಿಕುರ್ಚಿಯಲ್ಲಿ ಬಂದಾಗ ಅವರ ಸುತ್ತ ಎರಡು ಸುತ್ತು ಹೂವು. ಬಹಳ ಹೊತ್ತು ಅವರು ಹೋಗಲೇ ಇಲ್ಲ. ನೋಡುತ್ತಿದ್ದವರಲ್ಲಿ ಒಬ್ಬ ಹೆಂಗಸು ಮೂಗು ಒರೆಸಿಕೊಂಡರು.

ಕೊನೆಗೆ ಬೋಳುತಲೆಯ ಒಬ್ಬರು ಬಂದರು. ಅವರು ಒಂದು ಕೆಂಪು ಅಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು. ಅದರ ಬೆನ್ನಿನ ಮೇಲೂ ಐವತ್ತನಾಲ್ಕು ಎಂದಿತ್ತು. ಚೌಕಟ್ಟು ಅವರ ಮುಖದ ಸುತ್ತ ಬರದೆ ಆ ಅಂಗಿಯ ಸುತ್ತ ಬಂತು.

"ಅಂಗಿಯವರು ಇರಲಿಲ್ಲ, ಅಂಗಿ ಮಾತ್ರ. ಬರಲಿಕ್ಕೆ ಆಗದವರದ್ದು ಇರಬೇಕು ಅಂತ ಅದಕ್ಕೇ ಹಾಕಿದೆ," ಎಂದರು ಕಾಕ ನನ್ನ ಕಿವಿಯಲ್ಲಿ.

ಮಿಸ್ಟರ್ ವಾಲ್ಟರ್ ಎದ್ದು ಹೋಗಿ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಆ ಭಾಗವನ್ನು ಮತ್ತೆ ನೋಡಿದರು. ಹೆಸರು ಕೂಗುವುದು ಕೇಳುತ್ತದೆಯೇ ಎಂದು ಸದ್ದು ಜೋರು ಮಾಡಿದರು. ಕೊಳಲು ಜೋರಾಯಿತು. ಮೂರನೇ ಸಲ ಸದ್ದನ್ನು ಪೂರ್ತಿ ತೆಗೆದು ಸುಮ್ಮನೆ ನೋಡಿದರು. ನನ್ನ ಚರಿತ್ರೆಯ ಲೆಕ್ಕದಲ್ಲಿ ಮಿಸ್ಟರ್ ವಾಲ್ಟರ್ ಆಡಿದ ಆಟಗಳು ಆರು.

ಉತ್ತರಾರ್ಧ ಶುರುವಾಗುವಾಗ ಅವರು ಸೋಫಾದ ತುದಿಗೆ ಬಂದು ಕುಳಿತಿದ್ದರು. ಅದೂ ಹಿಂದಿನ ವೇಗದಲ್ಲೇ ನಡೆಯಿತು. ಅಂಕ ಒಮ್ಮೆ ಇವರದ್ದು ಮೇಲೆ, ಒಮ್ಮೆ ಅವರದ್ದು ಮೇಲೆ. ಕೊನೆಯ ಕ್ಷಣಗಳಲ್ಲಿ ನಮ್ಮವರು ಎರಡು ಅಂಕ ಹಿಂದಿದ್ದರು. ನಮ್ಮವರು ಎಂದು ನಾನು ಆಗಲೇ ಅನ್ನತೊಡಗಿದ್ದೆ. ಒದೆಯುವ ಹುಡುಗ ಬಂದ. ಚೆಂಡು ಕಂಬಗಳ ನಡುವೆ ಹೋದರೆ ಮೂರು ಅಂಕ, ಗೆಲುವು, ಕ್ಯಾನು. ಹೋಗದಿದ್ದರೆ ಎಲ್ಲವೂ ಎದುರಿನವರಿಗೆ. ಮಿಸ್ಟರ್ ಗ್ಲೆನ್ ಗೋಳಿಬಜೆಯನ್ನು ಕೈಯಲ್ಲೇ ಹಿಡಿದುಕೊಂಡರು. ಸೆಂಟರ್ ಬಗ್ಗಿ ಚೆಂಡು ಕೊಟ್ಟ. ಹುಡುಗ ಒದ್ದ. ಚೆಂಡು ಮೇಲಕ್ಕೆ ಹೋಯಿತು.

ಎರಡು ಗುಲಾಬಿಗಳು ಬಂದು ಒಂದಕ್ಕೊಂದು ಅಂಟಿಕೊಂಡವು. ಮತ್ತೆ ಬನ್ನಿ ಎಂದು ಇಂಗ್ಲಿಷಿನಲ್ಲಿ ಬರೆದು ಅಂಗಡಿಯ ಫೋನ್ ನಂಬರ್ ಬಂತು.

ಯಾರೋ ದೀಪ ಹಾಕಿದರು. ಮಿಸ್ಟರ್ ಗ್ಲೆನ್ ಟಿವಿಯ ಹಿಂದೆ ಹೋಗಿ ವಯರು ನೋಡಿದರು.

"ಕಾಕ," ಎಂದರು ಭಾವ ಬಹಳ ನಿಧಾನವಾಗಿ, "ಮುಂದಿನದ್ದು ಎಲ್ಲಿ?"

"ಮುಂದೆ ಎಂತ ಉಂಟು? ಚೆಂಡು ಒದ್ದ ಮೇಲೆ ಎಲ್ಲರೂ ಅಳುವುದು. ಇವರೂ ಅಳುತ್ತಾರೆ, ಅವರೂ ಅಳುತ್ತಾರೆ, ಗ್ಯಾಲರಿಯಲ್ಲಿದ್ದವರೂ ಅಳುತ್ತಾರೆ. ಹೆಣ್ಣು ಕಳಿಸಿಕೊಡುವಾಗ ಅಳುವುದನ್ನು ನಾನು ಯಾವತ್ತಾದರೂ ಇಟ್ಟದ್ದುಂಟಾ? ನಿಮ್ಮ ಮದುವೆಯದ್ದೂ ತೆಗೆದಿದ್ದೆ. ಪರದೇಶದಲ್ಲಿ ಕೂತು ನೋಡುವವರಿಗೆ ಅದು ಯಾಕೆ ಮಾರಾಯ್ರೆ?"

ಏನು ಹೇಳುತ್ತಿದ್ದಾರೆಂದು ಮಿಸ್ಟರ್ ವಾಲ್ಟರ್ ಕೇಳಿದರು.

"ಕ್ಷಮಿಸಿ ಎನ್ನುತ್ತಿದ್ದಾರೆ, ಸರ್," ಎಂದರು ಭಾವ ಇಂಗ್ಲಿಷಿನಲ್ಲಿ.

"ಅದಕ್ಕಿಂತ ಉದ್ದ ಮಾತಾಡಿದರು."

ಅಕ್ಕ ಪೂರ್ತಿ ಅನುವಾದ ಮಾಡಿ ಹೇಳಿದಳು. ಹೆಣ್ಣು ಕಳಿಸಿಕೊಡುವುದನ್ನೂ ಬಿಡಲಿಲ್ಲ. ಡೋರತಿ ಮೇಡಂ ತಲೆಯಾಡಿಸಿದರು.

"ಒರಿಜಿನಲ್ ಉಂಟಲ್ಲ, ಕಾಕ?" ಎಂದರು ಭಾವ. ಅವರ ಸ್ವರ ಅಕ್ಕನಿಗೆ ಮಾತ್ರ ಗೊತ್ತಿರುವಂಥದ್ದಾಗಿತ್ತು.

"ಅದು ಇಲ್ಲಿ ಯಾರ ಮನೆಯ ಮೆಷಿನಿಗೂ ಆಗುವುದಿಲ್ಲ ಅಂತ ನೀವೇ ಹೇಳಿದ್ದು. ಸುಮ್ಮನೆ ಯಾಕೆ ಅಂತ ಅದರ ಮೇಲೆ ಪುತ್ತೂರಿನ ಒಂದು ನಾಮಕರಣ ತುಂಬಿಸಿದೆ. ಬಹಳ ಒಳ್ಳೆಯದು ಬಂದಿದೆ."

"ಕೊನೆಗೆ ಗೆದ್ದದ್ದು ಯಾರು? ನೀವು ನೋಡಿದ್ದೀರಲ್ಲ?"

ಕಾಕ ಪ್ರಾಮಾಣಿಕವಾಗಿ ಯೋಚಿಸಿದರು. "ಎರಡೂ ಕಡೆಯವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅಳುತ್ತಿದ್ದರು. ಹೆಣ್ಣಿನ ಕಡೆಯವರು ಯಾರು, ಗಂಡಿನ ಕಡೆಯವರು ಯಾರು ಅಂತ ನನಗೆ ಗೊತ್ತಾಗಲಿಲ್ಲ."

ಇದನ್ನೂ ಅಕ್ಕ ಹೇಳಿದಳು. ಭಾವ ಗೋಡೆಯ ಕಡೆ ನೋಡುತ್ತಿದ್ದರು. ಮಿಸ್ಟರ್ ಗ್ಲೆನ್ ಫೋನಿನ ಹತ್ತಿರ ಹೋಗಿ, ಈಗಲೇ ಕೇಳಿಬಿಡೋಣ, ಎರಡು ನಿಮಿಷದ ಕೆಲಸ ಎಂದರು. ಅಮೆರಿಕದಲ್ಲಿ ಆಗ ಬೆಳಗ್ಗೆ.

"ನಿನ್ನ ಮನೆಗೆ ಹೋಗಿ ಕೇಳಿಕೋ, ಗ್ಲೆನ್," ಎಂದರು ಮಿಸ್ಟರ್ ವಾಲ್ಟರ್. "ನನಗೆ ಹೇಳಬೇಡ."

ಆ ಮೇಲೆ ಅವರು ಅಬ್ಬಾಸ್ ಕಾಕನ ಹತ್ತಿರ ಬಂದು ಕೈಕುಲುಕಿದರು. ಆ ಅಂಗಿಯ ಸುತ್ತ ಹೂವು ಹಾಕಿದ್ದು ನೀವೇ ಅಲ್ಲವೇ ಎಂದು ಕೇಳಿದರು. ಅಕ್ಕ ಅದನ್ನು ಕನ್ನಡದಲ್ಲಿ ಹೇಳಿದಾಗ ಕಾಕ, "ಅದಕ್ಕೆ ಮಲ್ಲಿಗೆ ಹಾಕಬೇಕಿತ್ತು, ಮೆಷಿನಿನಲ್ಲಿ ಗುಲಾಬಿ ಮಾತ್ರ ಉಂಟು," ಎಂದರು.

ಕೊನೆಯ ಪುಟ

ಮರುದಿನ ಬೆಳಗ್ಗೆ ನಾನು ಚರಿತ್ರೆಯ ಕೊನೆಯ ಪುಟ ಟೈಪ್ ಮಾಡಲು ಹೋದೆ. ಚಪ್ಪಲಿಯನ್ನು ಚಾಪೆಯ ಮೇಲೆ ಬಿಟ್ಟೆ. ಪಟ್ಟಿಯ ಕೊನೆಯ ಸಾಲಿನಲ್ಲಿ ಏನು ಹಾಕಲಿ ಎಂದು ಕೇಳಿದೆ.

ಮಿಸ್ಟರ್ ವಾಲ್ಟರ್ ಪೆನ್ಸಿಲ್ ತಿರುಗಿಸುತ್ತ ಕುಳಿತಿದ್ದರು.

"ಗೆದ್ದಿದ್ದಾರೆ ಎಂದು ಗೊತ್ತಾದರೆ, ಆಟ ನಿಲ್ಲಿಸಿದವರ ಮೇಲೆ ನನಗೆ ಸಿಟ್ಟು ಬರುತ್ತದೆ. ಸೋತಿದ್ದಾರೆ ಎಂದು ಗೊತ್ತಾದರೆ, ಒದ್ದ ಆ ಹುಡುಗನ ಮೇಲೆ ಬರುತ್ತದೆ. ನನಗೆ ಈ ವಯಸ್ಸಿನಲ್ಲಿ ಎರಡೂ ಬೇಡ, ಜಯಂತಿ. ನೀನು ಕೊನೆಯ ಸಲ ಚೆಂಡು ಕೊಟ್ಟವನನ್ನು ನೋಡಿದೆಯಾ?"

ಇಲ್ಲ, ನಾನು ಚೆಂಡನ್ನು ನೋಡುತ್ತಿದ್ದೆ ಎಂದೆ.

"ಎಲ್ಲರೂ ಅದನ್ನೇ ನೋಡುವುದು. ನಾನು ಅವನನ್ನು ನೋಡಿದೆ. ಅವನು ಕೊಟ್ಟ ಚೆಂಡು ನೇರವಾಗಿ ಹಿಂದಕ್ಕೆ ಹೋಯಿತು, ಸರಿಯಾದ ಎತ್ತರಕ್ಕೆ. ಅದನ್ನು ಬರಿ."

ಹಾಗೆಯೇ ಬರೆದೆ. ಚರಿತ್ರೆಯ ಕೊನೆಯ ವಾಕ್ಯ ಅದೇ. ಪಟ್ಟಿಯಲ್ಲಿ ಗೆದ್ದದ್ದು, ಸೋತದ್ದು, ಸಮ ಎಂಬ ಮೂರೂ ಮನೆಗಳು ಆ ಸಾಲಿನಲ್ಲಿ ಖಾಲಿ. ಮಿಸ್ಟರ್ ವಾಲ್ಟರ್ ಅದರ ಪ್ರತಿಗಳನ್ನು ಮಾಡಿಸಿ ಗೆಳೆಯರಿಗೆ ಕಳಿಸಿದರು. ಅಬ್ಬಾಸ್ ಕಾಕನ ಕ್ಯಾಸೆಟ್ಟಿನ ಪ್ರತಿಯೂ ಅದರ ಜೊತೆ ಹೋಯಿತು, ಗುಲಾಬಿ ಸಮೇತ. ಭಾವನ ಕೆಲಸಕ್ಕೆ ಏನೂ ಆಗಲಿಲ್ಲ. ಅವರು ಒಂದು ವಾರ ಮಾತ್ರ ನಜ್ಮಾದ ಕಡೆ ಹೋಗಲಿಲ್ಲ.

ನಾನು ದೋಹಾದಲ್ಲಿ ಇನ್ನೂ ಹತ್ತು ದಿನ ಇದ್ದೆ. ಅಷ್ಟರಲ್ಲಿ ಮಿಸ್ಟರ್ ಗ್ಲೆನ್ ಖಂಡಿತ ತಿಳಿದುಕೊಂಡಿದ್ದರು. ಅವರು ದಿನಾ ಸಂಜೆ ಮಿಸ್ಟರ್ ವಾಲ್ಟರ್ ಮನೆಗೆ ಬಂದು ಹವೆಯ ವಿಚಾರ ಮಾತಾಡಿ ಹೋಗುತ್ತಿದ್ದರು. ನಾನು ಅವರ ಮುಖವನ್ನು ನಾಲ್ಕು ಸಲ ಗಮನವಿಟ್ಟು ನೋಡಿದೆ. ಅವರದ್ದು ಯಾವಾಗಲೂ ಒಂದೇ ಮುಖ. ಹೊರಡುವ ಹಿಂದಿನ ದಿನ ಗೇಟಿನ ಹತ್ತಿರ ನಿಲ್ಲಿಸಿ ನೇರವಾಗಿ ಕೇಳಿದೆ. ವಾಲ್ಟರ್‌ಗೆ ಮಾತು ಕೊಟ್ಟಿದ್ದೇನೆ ಎಂದು ಹೇಳಿ, ಗೋಳಿಬಜೆ ಮಾಡುವ ಕ್ರಮ ಕೇಳಿ ಬರೆದುಕೊಂಡು ಹೋದರು.

ಮಿಸ್ಟರ್ ವಾಲ್ಟರ್ ಅವರಿಗೆ ಬೇಡವಾದದ್ದು ನನಗೂ ಬೇಡವೆಂದು ಇದ್ದುಬಿಡಬಹುದಿತ್ತು. ಊರಿಗೆ ಬಂದು ಹಲವು ತಿಂಗಳಾಯಿತು, ನನ್ನಿಂದ ಆಗುತ್ತಿಲ್ಲ. ಈ ಪತ್ರಿಕೆಯನ್ನು ಅಮೆರಿಕದಲ್ಲಿರುವ ಮಕ್ಕಳಿಗೆ, ಅಳಿಯಂದಿರಿಗೆ ಕಳಿಸುವ ಓದುಗರಿದ್ದಾರೆಂದು ಕೇಳಿದ್ದೇನೆ. ವಿಶ್ವವಿದ್ಯಾಲಯದ ಹೆಸರನ್ನು ಇಲ್ಲಿ ಬರೆಯಲಾರೆ. ಆದರೆ ಜೋಳದ ಸೀಮೆಯಲ್ಲಿ ಮುಚ್ಚಳವಿಲ್ಲದ ಹಾಲಿನ ಕ್ಯಾನಿಗಾಗಿ ಆಡುತ್ತಿದ್ದ ಎರಡು ಕಾಲೇಜುಗಳು ಯಾವುವೆಂದು ಆ ಕಡೆಯವರಿಗೆ ಗೊತ್ತಿರಲೇಬೇಕು. ೧೯೯೫ರ ನವೆಂಬರಿನಲ್ಲಿ ಆ ಚೆಂಡು ಕಂಬಗಳ ನಡುವೆ ಹೋಯಿತೋ ಇಲ್ಲವೋ ತಿಳಿದವರು ದಯವಿಟ್ಟು ಸಂಪಾದಕರ ವಿಳಾಸಕ್ಕೆ ನನ್ನ ಹೆಸರಿನಲ್ಲಿ ಒಂದು ಕಾರ್ಡು ಬರೆಯಿರಿ. ಹೌದು ಅಥವಾ ಇಲ್ಲ ಎಂದಿದ್ದರೆ ಸಾಕು. ಮಿಸ್ಟರ್ ವಾಲ್ಟರ್ ಅವರಿಗೆ ತಿಳಿಸುವುದಿಲ್ಲ. ಅಬ್ಬಾಸ್ ಕಾಕನಿಗೆ ತಿಳಿಸಬೇಕು. ಪ್ರತಿ ಪತ್ರದಲ್ಲೂ ಅವರು ಅದನ್ನೇ ಕೇಳುತ್ತಿದ್ದಾರೆ.